ಕೆಂಪು ಬಾವುಟದ ಮೇಳ

ತಮಾಶಾ ಅಂದರೆ ಮರಾಠಿ ಸೀಮೆಯ ಬಯಲಾಟ. ನಮ್ಮ ಬೆಳಗಾವಿ, ವಿಜಾಪುರ ಕಡೆಯ ಗೀಗೀ ಮೇಳ ಕೇಳಿದವರಿಗೆ ಅದರ ದಪ್ಪು, ತುಂತುಣಿ ಎರಡೂ ಗೊತ್ತು. ಆಡುವವರು ಹೆಚ್ಚಾಗಿ ಮಾಂಗ, ಮಹಾರ, ಕೊಲ್ಹಾಟಿ ಜಾತಿಗಳವರು. ನೋಡುವವರಲ್ಲಿ ಪೇಶವೆಗಳಿಂದ ಹಿಡಿದು ಊರ ಪಾಟೀಲನವರೆಗೆ ಎಲ್ಲರೂ ಇದ್ದರು. ರಾತ್ರಿಯೆಲ್ಲಾ ಕುಣಿಸಿದರು, ಬೆಳಗಾದ ಮೇಲೆ ಅದೇ ಜನರನ್ನು ಊರಾಚೆ ಇಟ್ಟರು. ಕಲೆ ಬೇಕು, ಕಲಾವಿದ ಬೇಡ. ಈ ಬುದ್ಧಿ ನಮ್ಮ ಊರುಗಳಲ್ಲಿ ಇಲ್ಲವೇ? ಹಬ್ಬಕ್ಕೆ ತಮಟೆ ಬೇಕು, ಬಡಿಯುವವನು ಮಾತ್ರ ಗುಡಿಯ ಮೆಟ್ಟಿಲು ಹತ್ತಬಾರದು.

ಆ ತಮಾಶಾವನ್ನೇ ಉಳ್ಳವರ ಎದುರಿಗೆ ತಿರುಗಿಸಿ ನಿಲ್ಲಿಸಿದ ಒಂದು ತಂಡದ ಚರಿತ್ರೆಯನ್ನು ನಾವು ತಿಳಿದಿರಬೇಕು. 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅದರ ಹೆಸರು ‘ಲಾಲ್ ಬಾವಟಾ ಕಲಾಪಥಕ’. ಬಾವಟಾ ಅಂದರೆ ನಮ್ಮ ಬಾವುಟವೇ. ಕಟ್ಟಿದವರು ಅಣ್ಣಾ ಭಾವು ಸಾಠೆ, ಅಮರ ಶೇಖ್, ದತ್ತಾ ಗವಾಣಕರ್. ಮೂವರೂ ಕಮ್ಯುನಿಸ್ಟ್ ಪಕ್ಷದ ಕೆಲಸಗಾರರು.

ಅಣ್ಣಾ ಭಾವು 1920ರಲ್ಲಿ, ಈಗಿನ ಸಾಂಗ್ಲಿ ಜಿಲ್ಲೆಯ ವಾಟೇಗಾವದ ಮಾಂಗ ಮನೆಯಲ್ಲಿ ಹುಟ್ಟಿದರು. ಬ್ರಿಟಿಷರ ಕಾನೂನು ಆ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡಿತ್ತು. ಶಾಲೆಗೆ ಹೋದದ್ದು ಒಂದೂವರೆ ದಿನ ಅಂತ ಹೇಳುತ್ತಾರೆ. ಬಡತನಕ್ಕೆ ಊರು ಬಿಟ್ಟ ಸಂಸಾರ ನಡೆದುಕೊಂಡೇ ಮುಂಬಯಿ ಸೇರಿತು. ಅಲ್ಲಿ ಹಮಾಲಿ, ಕಲ್ಲಿದ್ದಲು ಆಯುವ ಕೆಲಸ, ಗಿರಣಿ ಕೂಲಿ. ಅಮರ ಶೇಖ್ ಬಾರ್ಶಿಯ ಬಡ ಮುಸ್ಲಿಂ ಮನೆಯ ಮಗ, ಅವರೂ ಗಿರಣಿಯಲ್ಲಿ ದುಡಿದವರೇ. ಹಾಡು ಇವರಿಗೆ ಹವ್ಯಾಸವಾಗಿ ಬಂದದ್ದಲ್ಲ.

ಹಳೆಯ ತಮಾಶಾ ಗಣಪತಿ ಸ್ತುತಿಯಿಂದ ಶುರುವಾಗುತ್ತಿತ್ತು. ಅದಕ್ಕೆ ‘ಗಣ’ ಅಂತ ಹೆಸರು. ಆಮೇಲೆ ಕೃಷ್ಣ-ಗೊಲ್ಲತಿಯರ ‘ಗವಳಣ’. ಅಣ್ಣಾ ಭಾವು ಗಣಪತಿಯ ಜಾಗಕ್ಕೆ ನೆಲವನ್ನು, ದುಡಿಯುವವರನ್ನು, ಹೋರಾಟದಲ್ಲಿ ಸತ್ತವರನ್ನು ತಂದರು. ಗವಳಣವನ್ನು ಕೈಬಿಟ್ಟರು. ಮೊದಲ ನಮಸ್ಕಾರ ಯಾರಿಗೆ ಅನ್ನೋದರಲ್ಲೇ ಆಟ ಯಾರದ್ದು ಅನ್ನೋದು ತೀರ್ಮಾನವಾಗುತ್ತದೆ. ಆದರೆ ದಪ್ಪು, ತುಂತುಣಿ, ಕೋಡಂಗಿಯ ಚೇಷ್ಟೆ, ಹಳ್ಳಿಯ ಆಡುಮಾತು ಹಾಗೇ ಉಳಿದವು. ಗಿರಣಿ ಚಾಳಿನ ಜನಕ್ಕೆ ಅದು ಹೊರಗಿನವರ ಬೋಧನೆ ಅನ್ನಿಸಲಿಲ್ಲ, ತಮ್ಮೂರಿನ ಆಟವೇ ಆಗಿತ್ತು.

ಪೋವಾಡಾದ ಕಥೆಯೂ ಹೀಗೇ. ಅದು ವೀರರ ಲಾವಣಿ, ರಾಜರ, ಸರದಾರರ ಶೌರ್ಯಕ್ಕೆ ಮೀಸಲಾಗಿದ್ದ ಮಟ್ಟು. ತಂಡ ಕಟ್ಟುವ ಮೊದಲೇ, 1943ರಲ್ಲಿ, ಅಣ್ಣಾ ಭಾವು ಸ್ಟಾಲಿನ್‌ಗ್ರಾಡ್ ಜನರ ಹೋರಾಟವನ್ನು ಆ ಮಟ್ಟಿಗೆ ಕೂರಿಸಿದ್ದರು. ಬಂಗಾಳದ ಬರದಲ್ಲಿ ಸತ್ತವರ ಮೇಲೂ ಕಟ್ಟಿದರು. 1946ರಲ್ಲಿ ಅಮಳನೇರದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಗಿರಣಿ ಕಾರ್ಮಿಕರು ಪೋವಾಡಾದ ನಾಯಕರಾದರು. ಕತ್ತಿ, ಕುದುರೆ ಇಲ್ಲದವನಿಗೂ ಶೌರ್ಯ ಇದೆ ಅಂತ ಹಾಡಿದ್ದೇ ದೊಡ್ಡ ಬಂಡಾಯ.

ಆಳುವವರಿಗೆ ಇದು ಬೇಗ ಅರ್ಥವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರ ಈ ತಂಡದ ತಮಾಶಾಗಳನ್ನು ನಿಷೇಧಿಸಿತು. ಇವರು ಹೆಸರು ಬದಲಾಯಿಸಿದರು. ಅದೇ ಆಟ ‘ಲೋಕನಾಟ್ಯ’ವಾಗಿ ಮತ್ತೆ ಎದ್ದಿತು.

ಮುಂದೆ ಬಂದದ್ದು ಸಂಯುಕ್ತ ಮಹಾರಾಷ್ಟ್ರ ಚಳವಳಿ. ಅದರ ಸಭೆಗಳಿಗೆ ಜನ ಸೇರಿಸಿದ್ದರಲ್ಲಿ ಈ ಶಾಹಿರರ ಪಾಲು ದೊಡ್ಡದು. ಊರಲ್ಲಿ ಹೆಂಡತಿಯನ್ನು ಬಿಟ್ಟುಬಂದ ಕೂಲಿಯ ನೋವಿನ ಒಂದು ಹಾಡಿನಲ್ಲಿ ಅಣ್ಣಾ ಭಾವು ಬೆಳಗಾವಿ, ಕಾರವಾರಗಳನ್ನೂ ಮರಾಠಿಗರ ಅಗಲಿಕೆಯ ಪಟ್ಟಿಗೆ ಸೇರಿಸಿದರು. ಕನ್ನಡಿಗರಾದ ನಾವು ಅದನ್ನು ಒಪ್ಪಲಾರೆವು. ಆದರೆ ನಾವು ಕೇಳಬೇಕಾದ ಪ್ರಶ್ನೆ ಗಡಿಯದ್ದಲ್ಲ. 1960ರ ಮೇ 1ರಂದು ರಾಜ್ಯ ಬಂತು, ಮಂತ್ರಿಗಳು ಬಂದರು. ಹಾಡಿದವನಿಗೆ ಬಂದದ್ದೇನು?

ಘಾಟ್ಕೋಪರಿನ ಚಿರಾಗನಗರದ ಕೊಳಗೇರಿಯಲ್ಲಿ ಅಣ್ಣಾ ಭಾವು ವರ್ಷಾನುಗಟ್ಟಲೆ ಬದುಕಿದರು. 1958ರಲ್ಲಿ ಮುಂಬಯಿಯ ಮೊದಲ ದಲಿತ ಸಾಹಿತ್ಯ ಸಮ್ಮೇಳನವನ್ನು ಉದ್ಘಾಟಿಸಿದವರು ಅವರೇ. 1959ರ ‘ಫಕೀರಾ’ ಕಾದಂಬರಿಯನ್ನು ಅಂಬೇಡ್ಕರ್ ಅವರ ಲೇಖನಿಗೆ ಅರ್ಪಿಸಿದರು. 1969ರ ಜುಲೈ 18ರಂದು ಬಡತನದಲ್ಲೇ ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ. ಮರು ತಿಂಗಳೇ ಅಮರ ಶೇಖ್ ರಸ್ತೆ ಅಪಘಾತದಲ್ಲಿ ಹೋದರು. ಅಣ್ಣಾ ಭಾವು ಹೆಸರಲ್ಲಿ 2002ರಲ್ಲಿ ಅಂಚೆ ಚೀಟಿ ಬಂತು, 2022ರಲ್ಲಿ ಮಾಸ್ಕೋದಲ್ಲಿ ಪ್ರತಿಮೆ ನಿಂತಿತು. ಬದುಕಿದ್ದಾಗ ಬೇಕಾಗಿದ್ದದ್ದು ಅನ್ನ, ಔಷಧಿ, ಒಂದು ಗಟ್ಟಿ ಸೂರು.

ಸಂಗಾತಿಗಳೇ, ನಮ್ಮ ಸಭೆಗಳನ್ನೇ ನೋಡಿ. ಭಾಷಣಕಾರ ತಡವಾದರೆ ಹಾಡಿನವರನ್ನು ಎಬ್ಬಿಸುತ್ತೇವೆ. ಅವನು ಬಂದ ಕೂಡಲೇ ‘ಸಾಕು, ಕೂತ್ಕೊಳ್ಳಿ’ ಅನ್ನುತ್ತೇವೆ. ಭಾಷಣಕಾರನಿಗೆ ಬಸ್‌ಚಾರ್ಜು ಸಿಗುತ್ತದೆ, ತಮಟೆಯವನ ಆ ದಿನದ ಕೂಲಿ ಹೋಯಿತು ಅನ್ನೋದನ್ನ ಯಾರೂ ಕೇಳುವುದಿಲ್ಲ. ಊರ ಗೌಡ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಸಂಘಟನೆಯ ಲೆಕ್ಕಪುಸ್ತಕದಲ್ಲಿ ಹಾಡುವವರ ಕೂಲಿಗೆ ಒಂದು ಸಾಲು ಇರಲಿ. ತೀರ್ಮಾನ ಮಾಡುವ ಸಭೆಯಲ್ಲಿ ಅವರಿಗೆ ಒಂದು ಜಾಗ ಇರಲಿ. ಮೇಷ್ಟ್ರುಗಳು ತಮ್ಮೂರಿನ ಕೇರಿಗೆ ಹೋಗಿ ಅಲ್ಲಿ ಯಾರು ಹಾಡುತ್ತಾರೆ, ಯಾರ ಮೇಲೆ ಹಾಡುತ್ತಾರೆ ಅಂತ ಅವರ ಹೆಸರಿನ ಸಮೇತ ಬರೆದಿಡಲಿ.