ನಾಲ್ಕು ಲಿಪಿಗಳ ಸೀಮೆಯಲ್ಲಿ ಓದು

ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮಾತುಗಳು ಒಂದೇ ಸಂತೆಯಲ್ಲಿ ಕೂಡುತ್ತವೆ. ಕಿವಿಗೆ ಅದು ಸುಲಭ, ಕಣ್ಣಿಗೆ ಅಲ್ಲ. ಆಗ ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರ ಆಡಳಿತ 1884ರಲ್ಲಿ ಪಾರಸಿಯನ್ನು ಬಿಟ್ಟು ಉರ್ದುವನ್ನು ಕಚೇರಿಯ ಭಾಷೆಯಾಗಿಸಿತು. ಕಂದಾಯದ ಕಾಗದ ಮೊದಲಿನಂತೆಯೇ ಬಲದಿಂದ ಎಡಕ್ಕೆ ಸಾಗಿತು. ಮರಾಠಿಯ ಲೆಕ್ಕಪತ್ರ ಮೋಡಿ ಲಿಪಿಯಲ್ಲಿ, ಅಚ್ಚಿನ ಪುಸ್ತಕ ದೇವನಾಗರಿಯಲ್ಲಿ ಇತ್ತು.

ಮೋಡಿಯ ಓದು ಬಹುಪಾಲು ಊಹೆಯ ಕೆಲಸ. ಲೇಖನಿ ಎತ್ತದೆ ಬರೆಯುವ ಆ ಲಿಪಿಯಲ್ಲಿ ಇಕಾರ, ಉಕಾರಗಳ ಹ್ರಸ್ವ-ದೀರ್ಘ ಭೇದವಿಲ್ಲ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಪದ ಮೊದಲೇ ಪರಿಚಿತವಾಗಿದ್ದರೆ ಮಾತ್ರ ಎರಡೂ ಸಲೀಸು. ದಫ್ತರದ ಗುಮಾಸ್ತನಿಗೆ ಅಕ್ಷರಜ್ಞಾನಕ್ಕಿಂತ ವ್ಯವಹಾರಜ್ಞಾನವೇ ಹೆಚ್ಚು ನೆರವಾಗಿರಬೇಕು. ಬಿಡಿ ಅಕ್ಷರ ಗುರುತಿಸುವಷ್ಟೇ ಹೊತ್ತಿನಲ್ಲಿ ಓದುಗ ಪರಿಚಿತ ಪದವನ್ನು ಇಡಿಯಾಗಿ ಹಿಡಿಯಬಲ್ಲನೆಂದು ಮನೋವಿಜ್ಞಾನಿ ಜೇಮ್ಸ್ ಕ್ಯಾಟೆಲ್ 1886ರ ಸುಮಾರಿಗೆ ತೋರಿಸಿದ್ದ.

ಕನ್ನಡದ ತೊಡಕು ಬೇರೆ. ಬರೆದದ್ದು ಉಚ್ಚಾರಕ್ಕೆ ಹತ್ತಿರ. ಆದರೆ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ಆಕೃತಿಗಳು ನೂರಾರು. ಈ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ನಡೆಯುತ್ತದೆಂದು ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನ ಹೇಳುತ್ತದೆ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಉರ್ದುವಿನ ಅಧಿಕಾರ ತಗ್ಗಿತು. 1956ರಲ್ಲಿ ಬೀದರ ಜಿಲ್ಲೆಯ ನಿಲಂಗಾ, ಉದಗೀರ ತಾಲ್ಲೂಕುಗಳು, ಉಸ್ಮಾನಾಬಾದಿನ ಉಮರ್ಗಾ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಮೋಡಿ ಅಷ್ಟರಲ್ಲಿ ಬಳಕೆ ತಪ್ಪುತ್ತಿತ್ತು. ಶಾಲೆಯಲ್ಲಿ ದೇವನಾಗರಿ ನೆಲೆಯೂರಿತು. ಮನೆಯಲ್ಲಿ ಕನ್ನಡವಾಡುವ ಅನೇಕರ ಓದು ಮರಾಠಿಯಲ್ಲೇ ಬೆಳೆಯಿತು.