ದೀರ್ಘಕಾಲಿಕ ತುರಿಕೆ ಮತ್ತು ಮಾನಸಿಕ ಒತ್ತಡ

ಏನಿದು?

ಕೆರೆದುಕೊಳ್ಳಬೇಕೆಂಬ ಬಯಕೆಯನ್ನು ಹುಟ್ಟಿಸುವ ಅಹಿತಕರ ಸಂವೇದನೆಯೇ ತುರಿಕೆ. ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್ 1660ರಲ್ಲಿ ಕೊಟ್ಟ ಈ ವ್ಯಾಖ್ಯೆ ಇಂದಿಗೂ ಚಲಾವಣೆಯಲ್ಲಿದೆ. ಆಡುಮಾತಿನಲ್ಲಿ ಇದೇ ನವೆ, ಕಡಿತ. ಆರು ವಾರ ದಾಟಿದರೆ ಅದು ದೀರ್ಘಕಾಲಿಕ. ಇಸುಬು, ಸೋರಿಯಾಸಿಸ್‌ನಂಥ ಚರ್ಮರೋಗಗಳಲ್ಲಿ ಮಾತ್ರವಲ್ಲ, ಮೂತ್ರಪಿಂಡ ಮತ್ತು ಯಕೃತ್ತಿನ ಕಾಯಿಲೆಗಳಲ್ಲೂ ಅದು ಕಾಡುತ್ತದೆ. ಆಗ ಮೈಮೇಲೆ ಒಂದು ಗುಳ್ಳೆಯೂ ಇಲ್ಲದಿರಬಹುದು.

ಮನಸ್ಸಿನಿಂದ ಚರ್ಮಕ್ಕೆ

ಒತ್ತಡ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ. ಚರ್ಮದ ನರತುದಿಗಳು ಆಗ ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕವನ್ನು ಹೊರಬಿಡಬಲ್ಲವು. ಅದು ಪಕ್ಕದಲ್ಲೇ ಇರುವ ಮಾಸ್ಟ್ ಕೋಶಗಳನ್ನು ಕೆರಳಿಸುತ್ತದೆ. ಆ ಕೋಶಗಳಿಂದ ಹಿಸ್ಟಮಿನ್ ಮೊದಲಾದ, ತುರಿಕೆ ಹುಟ್ಟಿಸುವ ದ್ರವ್ಯಗಳು ಹೊರಬೀಳುತ್ತವೆ. ಇತ್ತ ಚರ್ಮದ ಹೊರಪದರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ವೇಗವೂ ತಗ್ಗುತ್ತದೆ. ತೇವ ಆರಿ ಚರ್ಮ ಒಣಗುತ್ತದೆ, ಸೋಪು ಬೆವರುಗಳೂ ಚುರುಗುಟ್ಟಿಸುತ್ತವೆ.

ಗಮನದ ಪಾತ್ರವೂ ಸಣ್ಣದಲ್ಲ. 2000ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನವೊಂದರಲ್ಲಿ ಸಭಿಕರಿಗೆ ಚಿಗಟ, ಗೀರುಗಾಯಗಳ ಚಿತ್ರ ತೋರಿಸಿದಾಗ ಅವರು ಕೆರೆದುಕೊಳ್ಳುವುದು ಹೆಚ್ಚಿತ್ತು; ಎಳೆಗೂಸಿನ ಮೃದು ಚರ್ಮದಂಥ ಚಿತ್ರಗಳು ಬಂದಾಗ ಕಡಿಮೆಯಿತ್ತು. ಇದನ್ನು ಓದುತ್ತಿರುವವರ ಕೈಯೂ ಈಗ ಎಲ್ಲೋ ಹೋಗಿರಬಹುದು.

ಮುಗಿಯದ ವರ್ತುಲ

ಕೆರೆದಾಗ ಉಂಟಾಗುವ ಸಣ್ಣ ನೋವು ಬೆನ್ನುಹುರಿಯಲ್ಲಿ ತುರಿಕೆಯ ಸಂಕೇತವನ್ನು ತಡೆಯುತ್ತದೆ. ಸುಖ ಕ್ಷಣಿಕ. ಗೀರಿದ ಚರ್ಮ ಊದಿಕೊಂಡು ಮತ್ತೆ ನವೆಯಾಗುತ್ತದೆ. ಮನೆಯ ಸದ್ದಡಗಿ ದೀಪ ಆರಿದ ಮೇಲೆ ಗಮನ ಸೆಳೆಯಲು ಬೇರೇನೂ ಇರದೆ ತುರಿಕೆ ಜೋರಾಗುತ್ತದೆ. ನಿದ್ದೆಗೆಟ್ಟ ಮರುದಿನ ಸಿಡುಕು, ಆ ಸಿಡುಕಿನಿಂದ ಮತ್ತೆ ಒತ್ತಡ.

ಕೆರೆಯುವ ಈ ಅಭ್ಯಾಸ ದೇಹದಲ್ಲಿ ಗುರುತು ಬಿಡುತ್ತದೆ. ಹೆಕ್ಕತ್ತು, ಕಾಲಿನ ಗಿಣ್ಣಿನಂಥ ಕೈಗೆಟಕುವ ಜಾಗಗಳಲ್ಲಿ ಚರ್ಮ ತೊಗಲಿನಂತೆ ದಪ್ಪಗಾಗಿ, ಗೆರೆಗಳೆದ್ದು ಕಪ್ಪಾಗುತ್ತದೆ. ಕೈ ತಲುಪದ ನಡುಬೆನ್ನು ಮಾತ್ರ ಚಿಟ್ಟೆಯಾಕಾರದಲ್ಲಿ ನುಣುಪಾಗಿಯೇ ಉಳಿದಿದ್ದರೆ, ಸುತ್ತಲಿನ ಗಾಯಗಳು ಉಗುರಿನವೆಂದು ವೈದ್ಯರು ಊಹಿಸುತ್ತಾರೆ.

ಚಿಕಿತ್ಸೆಯಲ್ಲಿ

“ಎಲ್ಲ ಮನಸ್ಸಿನದೇ” ಎಂದುಬಿಡುವುದು ಅರ್ಧ ರೋಗನಿದಾನ. ಮೊದಲು ಮೂಲರೋಗವನ್ನು ಹುಡುಕಬೇಕು. ಪಿತ್ತದ ಗಂಧೆಗೆ ಒಗ್ಗುವ ಹಿಸ್ಟಮಿನ್‌ನಿರೋಧಕ ಮಾತ್ರೆ ಇಸುಬಿನ ತುರಿಕೆಗೆ ಅಷ್ಟಾಗಿ ನಾಟುವುದಿಲ್ಲ, ಏಕೆಂದರೆ ಅಲ್ಲಿ ಹಿಸ್ಟಮಿನ್ ಮುಖ್ಯ ಕಾರಣವಲ್ಲ. ತೇವ ಉಳಿಸುವ ಮುಲಾಮು ಮತ್ತು ಔಷಧಗಳ ಜೊತೆಗೆ ಅಭ್ಯಾಸ ಬದಲಿಸುವ ತರಬೇತಿಯನ್ನೂ ಕೊಡುತ್ತಾರೆ. ಕೆರೆಯಬೇಕೆನಿಸಿದಾಗ ಸುಮಾರು 30 ಸೆಕೆಂಡು ಮುಷ್ಟಿ ಬಿಗಿಹಿಡಿಯುವುದು, ಆಮೇಲೂ ನವೆ ನಿಲ್ಲದಿದ್ದರೆ ಆ ಜಾಗವನ್ನು ಉಗುರಿನಿಂದ ಒತ್ತಿಹಿಡಿಯುವುದು ಇದರ ಕ್ರಮ. “ಕೆರೀಬೇಡ” ಎಂಬ ಮನೆಯವರ ಗದರಿಕೆಯೂ ಒಂದು ಒತ್ತಡವೇ. ಅದಕ್ಕೆ ಅಂಜಿದ ಕೈ ಹೊದಿಕೆಯೊಳಗೆ ತನ್ನ ಕೆಲಸ ಮುಂದುವರಿಸುತ್ತದೆ.