ಚದರ ಮೀಟರಿನ ಲೆಕ್ಕ: ಸೋವಿಯತ್ ನಗರಗಳಲ್ಲಿ ಮನೆ ಹಂಚಿಕೆ

ಮನೆಗಳ ಖಾಸಗಿ ಒಡೆತನವೇ ಇಲ್ಲದ ಸಮಾಜದಲ್ಲಿ ಯಾರಿಗೆ ಯಾವ ಮನೆ ಸಿಗಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಕಮ್ಯುನಿಸಂನ ಮೂಲಪುರುಷರು ವಿವರವಾದ ಉತ್ತರವನ್ನು ಬರೆದಿಡಲಿಲ್ಲ. ಫ್ರೆಡರಿಕ್ ಎಂಗೆಲ್ಸ್ 1872-73ರಲ್ಲಿ ಲೈಪ್‌ಜಿಗ್‌ನ ಪತ್ರಿಕೆಯೊಂದರಲ್ಲಿ ವಸತಿ ಸಮಸ್ಯೆಯನ್ನು ಕುರಿತು ಪ್ರಕಟಿಸಿದ ಲೇಖನಮಾಲೆಯಲ್ಲಿ, ದೊಡ್ಡ ನಗರಗಳಲ್ಲಿ ಈಗಾಗಲೇ ಸಾಕಷ್ಟು ಕಟ್ಟಡಗಳಿವೆ, ಅವುಗಳನ್ನು ಒಡೆಯರಿಂದ ವಶಪಡಿಸಿಕೊಂಡು ಸೂರಿಲ್ಲದ ಮತ್ತು ಇಕ್ಕಟ್ಟಿನಲ್ಲಿ ಬದುಕುವ ಕಾರ್ಮಿಕರಿಗೆ ಕೊಟ್ಟರೆ ನಿಜವಾದ ಕೊರತೆ ನೀಗುತ್ತದೆ ಎಂದು ವಾದಿಸಿದನೇ ಹೊರತು, ಮುಂದಿನ ಸಮಾಜ ಹಂಚಿಕೆಯನ್ನು ಹೇಗೆ ನಡೆಸೀತೆಂದು ಊಹಿಸುವ ಗೋಜಿಗೆ ಹೋಗಲಿಲ್ಲ. ಲೆನಿನ್ 1917ರಲ್ಲಿ ಬರೆದ 'ರಾಜ್ಯ ಮತ್ತು ಕ್ರಾಂತಿ'ಯಲ್ಲಿ ಇದೇ ಭಾಗವನ್ನು ಎತ್ತಿಕೊಂಡು ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಜನತೆಯ ಸೊತ್ತಾದ ಮನೆಗಳನ್ನು ಕುಟುಂಬಗಳಿಗೆ ಕೊಡಬೇಕಾದರೆ ಬಾಡಿಗೆ ವಸೂಲಿ ಬೇಕು, ಮೇಲ್ವಿಚಾರಣೆ ಬೇಕು, ಹಂಚಲು ಏನಾದರೊಂದು ಅಳತೆಗೋಲು ಬೇಕು, ಇವಿಷ್ಟಕ್ಕೆ ಒಂದು ಬಗೆಯ ರಾಜ್ಯಯಂತ್ರವೂ ಬೇಕು, ಬಾಡಿಗೆಯಿಲ್ಲದ ಮನೆ ಸಾಧ್ಯವಾಗುವುದು ರಾಜ್ಯವೇ ಪೂರ್ತಿಯಾಗಿ ಕರಗಿಹೋದ ಮೇಲೆ. ಮುಂದಿನ ಏಳು ದಶಕಗಳ ಸೋವಿಯತ್ ವಸತಿ ಇತಿಹಾಸ ಈ ಅಳತೆಗೋಲು ಯಾವುದು, ಅದು ಯಾರ ಕೈಯಲ್ಲಿತ್ತು ಎಂಬುದರ ಇತಿಹಾಸವೇ ಆಗಿದೆ.

1918ರ ಆಗಸ್ಟ್ 20ರ ಶಾಸನವು ಹತ್ತು ಸಾವಿರಕ್ಕಿಂತ ಹೆಚ್ಚು ಜನವಸತಿಯಿದ್ದ ನಗರಗಳಲ್ಲಿ ಸ್ಥಿರಾಸ್ತಿಯ ಖಾಸಗಿ ಒಡೆತನವನ್ನು ರದ್ದುಮಾಡಿತು. ಪೆಟ್ರೊಗ್ರಾದ್ ಮತ್ತು ಮಾಸ್ಕೋಗಳಲ್ಲಿ ಸಿರಿವಂತರ ಬಹುಕೋಣೆಗಳ ವಾಸದ ಮನೆಗಳಿಗೆ ಕಾರ್ಮಿಕ ಕುಟುಂಬಗಳನ್ನು ತಂದು ಸೇರಿಸುವ ಕ್ರಮ ಇದರ ಆಸುಪಾಸಿನಲ್ಲೇ ಮೊದಲಾಯಿತು; ಇದಕ್ಕೆ 'ಉಪ್ಲೊತ್ನೇನಿಯೆ', ಎಂದರೆ ಒತ್ತಾಗಿ ತುಂಬುವುದು, ಎಂಬ ಹೆಸರಿತ್ತು. ಆರೋಗ್ಯ ಇಲಾಖೆ ಒಬ್ಬ ಮನುಷ್ಯನಿಗೆ ಉಸಿರಾಡಲು ಬೇಕಾದ ಗಾಳಿಯ ಲೆಕ್ಕ ಹಿಡಿದು ತಲೆಗಿಷ್ಟು ಜಾಗವೆಂದು ಗೊತ್ತುಮಾಡಿತು, ಮತ್ತು ಈ ನೈರ್ಮಲ್ಯ ಪ್ರಮಾಣವು ಕ್ರಮೇಣ ಸುಮಾರು 9 ಚದರ ಮೀಟರಿಗೆ ಬಂದು ನಿಂತಿತು. ಪ್ರಮಾಣವನ್ನು ಮೀರಿದ ಜಾಗವೆಲ್ಲ ಹೆಚ್ಚುವರಿ ಎನಿಸಿ ಇನ್ನೊಬ್ಬರಿಗೆ ಸಲ್ಲುತ್ತಿದ್ದುದರಿಂದ, ಅಪರಿಚಿತರು ಬಂದು ಸೇರುವ ಮೊದಲೇ ಹಳೆಯ ನಿವಾಸಿಗಳು ತಮ್ಮ ನೆಂಟರನ್ನೋ ಸ್ನೇಹಿತರನ್ನೋ ಕರೆತಂದು ಕೋಣೆಗಳನ್ನು ತುಂಬಿಸಿಕೊಳ್ಳುವುದೂ ಇತ್ತು. ಹೀಗೆ ಮನೆಯೆಂಬುದು ಮೊದಲ ಬಾರಿಗೆ ಗೋಡೆ, ಬಾಗಿಲು, ಅಡುಗೆಮನೆಗಳ ಒಂದು ಘಟಕವಾಗಿ ಎಣಿಕೆಗೆ ಬರುವುದು ನಿಂತು, ನೆಲದ ಇಷ್ಟು ಚದರಗಳಾಗಿ ಒಡೆಯಿತು.

ಹೀಗೆ ಹುಟ್ಟಿದ ಕೊಮ್ಮುನಾಲ್ಕಾ, ಅಂದರೆ ಹಲವು ಕುಟುಂಬಗಳು ಕೋಣೆಗೊಂದರಂತೆ ಹಂಚಿಕೊಂಡ ಮನೆ, ಕನ್ನಡಿಗರಿಗೆ ತಕ್ಷಣ ವಠಾರವನ್ನು ನೆನಪಿಸಬಹುದು. ಆದರೆ ವಠಾರದಲ್ಲಿ ಪ್ರತಿ ಸಂಸಾರಕ್ಕೂ ಚಿಕ್ಕದಾದರೂ ತನ್ನದೇ ಅಡುಗೆಯ ಮೂಲೆಯೊಂದಿರುತ್ತದೆ. ಕೊಮ್ಮುನಾಲ್ಕಾದಲ್ಲಿ ಒಲೆಯೂ ನಲ್ಲಿಯೂ ಶೌಚಾಲಯವೂ ಎಲ್ಲರಿಗೂ ಸೇರಿದ್ದವು. ಒಂದೇ ಅಡುಗೆಮನೆಯಲ್ಲಿ ಎಷ್ಟು ಕುಟುಂಬಗಳೋ ಅಷ್ಟು ಮೇಜುಗಳು, ಮೇಜಿನ ಮೇಲೆ ಒಂದೊಂದು ಸೀಮೆಎಣ್ಣೆಯ ಸ್ಟೌ. ಹೊರಬಾಗಿಲ ಬಳಿ ಯಾರಿಗೆ ಎಷ್ಟು ಬಾರಿ ಗಂಟೆ ಒತ್ತಬೇಕೆಂದು ಬರೆದಿಟ್ಟ ಪಟ್ಟಿ. ಶೌಚಾಲಯದಲ್ಲಿ ಕುಟುಂಬಕ್ಕೊಂದು ದೀಪವಿದ್ದು ಅದರ ಸ್ವಿಚ್ಚು ಆಯಾ ಕುಟುಂಬದ ಕೋಣೆಯೊಳಗಿರುವ ವ್ಯವಸ್ಥೆ. ಓಣಿಯನ್ನು ಯಾವ ವಾರ ಯಾರು ಗುಡಿಸಬೇಕೆಂಬ ಸರದಿಯ ಕಾಗದ. ಈ ಪಟ್ಟಿಗಳೂ ಸರದಿಗಳೂ ಬಹುಮಟ್ಟಿಗೆ ನಿವಾಸಿಗಳೇ ಜಗಳವಾಡಿ, ರಾಜಿಯಾಗಿ ಕಂಡುಕೊಂಡವುಗಳಾಗಿದ್ದವು. ಸಮುದಾಯ ಜೀವನದ ಕನಸನ್ನು ಕಟ್ಟಡವಾಗಿಸುವ ಪ್ರಯತ್ನವೂ ನಡೆದಿತ್ತು: ಮೊಯ್ಸೆಯ್ ಗಿನ್ಸ್‌ಬುರ್ಗ್ ಮತ್ತು ಇಗ್ನಾತಿ ಮಿಲಿನಿಸ್ ಮಾಸ್ಕೋದಲ್ಲಿ 1928-30ರಲ್ಲಿ ನಿರ್ಮಿಸಿದ ನಾರ್ಕೊಮ್‌ಫಿನ್ ಕಟ್ಟಡದಲ್ಲಿ ಸಾಮೂಹಿಕ ಊಟದ ವ್ಯವಸ್ಥೆಯೂ ಹೆಣ್ಣುಮಕ್ಕಳನ್ನು ಒಲೆಯಿಂದ ಬಿಡಿಸುವ ಆಸೆಯೂ ಇದ್ದವು. 1930ರ ಮೇ ತಿಂಗಳಲ್ಲಿ ಪಕ್ಷದ ಕೇಂದ್ರ ಸಮಿತಿಯೇ ಇಂಥ ಪ್ರಯೋಗಗಳನ್ನು ಅತಿರೇಕವೆಂದು ಖಂಡಿಸಿದ ಮೇಲೆ ಆ ದಾರಿ ಮುಚ್ಚಿತು. ಜನ ಕೂಡಿ ಬಾಳಿದ್ದು ಆದರ್ಶಕ್ಕಾಗಿ ಕಟ್ಟಿದ ಮನೆಗಳಲ್ಲಿ ಬಹಳ ಕಡಿಮೆ. ಕೊರತೆಯಿಂದ ಕೂಡಿಸಿದ ಮನೆಗಳಲ್ಲಿಯೇ ಹೆಚ್ಚು.

ಕೊರತೆಯ ಕಾರಣ ಸ್ಪಷ್ಟವಾಗಿದೆ. ಕೈಗಾರಿಕೀಕರಣದ ಓಟದಲ್ಲಿ ಹಣ, ಉಕ್ಕು, ಸಿಮೆಂಟುಗಳೆಲ್ಲ ಕಾರ್ಖಾನೆಗಳಿಗೆ ಹೋದವು, ಹಳ್ಳಿಗಳಿಂದ ಲಕ್ಷಾಂತರ ಜನ ನಗರಗಳಿಗೆ ಬಂದರು. 1926ರಲ್ಲಿ ಸುಮಾರು 20 ಲಕ್ಷವಿದ್ದ ಮಾಸ್ಕೋದ ಜನಸಂಖ್ಯೆ 1939ರ ಹೊತ್ತಿಗೆ 40 ಲಕ್ಷವನ್ನು ದಾಟಿತ್ತು, ತಲೆಗೆ ಸಿಗುತ್ತಿದ್ದ ಜಾಗ ಪ್ರಮಾಣದ ಅರ್ಧಕ್ಕೆ ಇಳಿದು 4 ಚದರ ಮೀಟರಿನ ಆಸುಪಾಸಿನಲ್ಲಿತ್ತು. ಮನೆ ಕಟ್ಟಲಾಗದ ಆಡಳಿತವು ಬರುವವರನ್ನು ತಡೆಯಲು ಹೊರಟಿತು: 1932ರ ಡಿಸೆಂಬರ್ 27ರ ಶಾಸನವು ದೇಶದೊಳಗಿನ ಪಾಸ್‌ಪೋರ್ಟನ್ನೂ ಅದರೊಂದಿಗೆ 'ಪ್ರೊಪಿಸ್ಕಾ'ವನ್ನೂ ಜಾರಿಗೆ ತಂದಿತು. ಪ್ರೊಪಿಸ್ಕಾ ಎಂದರೆ ಇಂಥ ವ್ಯಕ್ತಿ ಇಂಥ ವಿಳಾಸದಲ್ಲಿ ವಾಸಿಸಲು ಅರ್ಹನೆಂದು ಪೊಲೀಸರು ಒತ್ತುವ ಮೊಹರು. ಆ ಮೊಹರಿಲ್ಲದವನಿಗೆ ನಗರದಲ್ಲಿ ಕ್ರಮಬದ್ಧವಾದ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಮೊಹರಿಲ್ಲ. ರೈತರಿಗಂತೂ ಆಗ ಪಾಸ್‌ಪೋರ್ಟನ್ನೇ ಕೊಡಲಿಲ್ಲ. ಮನೆಯನ್ನು ಜನರಿಗೆ ಹಂಚುವುದಕ್ಕೆಂದು ಹೊರಟ ವ್ಯವಸ್ಥೆ ಜನರನ್ನು ಊರುಗಳಿಗೆ ಹಂಚುವ ಯಂತ್ರವಾದದ್ದು ಈ ಇತಿಹಾಸದ ಅತ್ಯಂತ ನೋವಿನ ತಿರುವು. ಇದೇ ಕಾಲದಲ್ಲಿ ಕ್ರೆಮ್ಲಿನ್ನಿನ ಎದುರಿನ ನದಿದಂಡೆಯಲ್ಲಿ, ಬೊರಿಸ್ ಇಯೊಫಾನ್ ವಿನ್ಯಾಸ ಮಾಡಿ 1931ರಲ್ಲಿ ಮುಗಿಸಿದ ಭವ್ಯ ಕಟ್ಟಡದಲ್ಲಿ, ಹಿರಿಯ ಅಧಿಕಾರಿಗಳಿಗೆ ಸ್ವತಂತ್ರ ಅಡುಗೆಮನೆಯುಳ್ಳ ವಿಶಾಲ ವಾಸಸ್ಥಾನಗಳು ಸಿಕ್ಕವು. ಆದರೆ ಅವೂ ಹುದ್ದೆಯೊಡನೆ ಬಂದಂಥವು: 1937-38ರ ದಮನದ ಕಾಲದಲ್ಲಿ ಅಲ್ಲಿನ ನೂರಾರು ನಿವಾಸಿಗಳು ಬಂಧನಕ್ಕೊಳಗಾದಾಗ ಅವರ ಕುಟುಂಬಗಳು ಮನೆಯನ್ನೂ ಕಳೆದುಕೊಂಡವು.

ಎರಡನೆಯ ಮಹಾಯುದ್ಧದ ಹಾನಿಯ ಮೇಲೆ, ಎರಡೂವರೆ ಕೋಟಿ ಜನ ನೆಲೆ ಕಳೆದುಕೊಂಡಿದ್ದಾರೆಂದು ಸೋವಿಯತ್ ಸರ್ಕಾರವೇ ಲೆಕ್ಕ ಹಾಕಿದ ಮೇಲೆ, ಪರಿಸ್ಥಿತಿ ನಿಜವಾಗಿ ಬದಲಾದದ್ದು ನಿಕಿತಾ ಖ್ರುಶ್ಚೊವ್‌ನ ಕಾಲದಲ್ಲಿ. 1957ರ ಜುಲೈ 31ರ ನಿರ್ಣಯವು ಹತ್ತು ಹನ್ನೆರಡು ವರ್ಷಗಳಲ್ಲಿ ವಸತಿ ಕೊರತೆಯನ್ನು ಕೊನೆಗಾಣಿಸುವ ಮಾತು ಕೊಟ್ಟಿತು. ಅದಕ್ಕೆ ಮೊದಲೇ, 1955ರಲ್ಲಿ, ಕಂಬ, ಗೋಪುರ, ಅಲಂಕಾರಗಳನ್ನು ದುಂದೆಂದು ಕಿತ್ತುಹಾಕುವ ಆದೇಶ ಹೊರಟಿತ್ತು. ಎಂಜಿನಿಯರ್ ವಿತಾಲಿ ಲಗುತೆಂಕೊ ರೂಪಿಸಿದ ಕೆ-7 ಮಾದರಿಯ ಮನೆಗಳ ಕಾಂಕ್ರೀಟ್ ಫಲಕಗಳು ಕಾರ್ಖಾನೆಯಲ್ಲಿ ಎರಕಗೊಂಡು, ಲಾರಿಯಲ್ಲಿ ಬಂದು, ಕ್ರೇನಿನಿಂದ ಜೋಡಣೆಯಾಗುತ್ತಿದ್ದವು. ಲಿಫ್ಟಿನ ಖರ್ಚು ಬೇಡವೆಂದು ಐದೇ ಅಂತಸ್ತು, ಸುಮಾರು ಎರಡೂವರೆ ಮೀಟರ್ ಎತ್ತರದ ಸೂರು, ಸುಮಾರು 6 ಚದರ ಮೀಟರಿನ ಅಡುಗೆಮನೆ. ಅಧಿಕೃತ ಲೆಕ್ಕದಲ್ಲಿ 'ವಾಸದ ವಿಸ್ತೀರ್ಣ' ಎಂದರೆ ಕೋಣೆಗಳ ನೆಲ ಮಾತ್ರ. ಅಡುಗೆಮನೆ, ಓಣಿ, ಸ್ನಾನದ ಮನೆ ಅದರೊಳಗೆ ಬರುತ್ತಿರಲಿಲ್ಲವಾದ್ದರಿಂದ, ಅವನ್ನು ಎಷ್ಟು ಕುಗ್ಗಿಸಿದರೂ ಹಂಚಿಕೆಯ ಅಂಕಿ ಕುಗ್ಗುತ್ತಿರಲಿಲ್ಲ. ಇಷ್ಟಾದರೂ ಖ್ರುಶ್ಚೋವ್ಕಾ ಎಂದು ಹೆಸರಾದ ಈ ಮನೆಗಳನ್ನು ಹಗುರವಾಗಿ ಕಾಣುವುದು ಅನ್ಯಾಯ. ಮೂರು ತಲೆಮಾರು ಒಂದೇ ಕೋಣೆಯಲ್ಲಿ ಮಲಗಿ ಬೆಳೆದವರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಮೊದಲ ಬಾರಿಗೆ ಸಿಕ್ಕಿದ್ದು ಇಲ್ಲಿಯೇ, ಮತ್ತು ಅದು ಕೋಟಿಗಟ್ಟಲೆ ಜನರಿಗೆ ಸಿಕ್ಕಿತು.

ಆ ಬಾಗಿಲನ್ನು ತಲುಪಬೇಕಾದರೆ ಸರದಿಯ ಪಟ್ಟಿಯಲ್ಲಿ ಹೆಸರಿರಬೇಕಿತ್ತು. 1983ರ ರಷ್ಯನ್ ಗಣರಾಜ್ಯದ ವಸತಿ ಸಂಹಿತೆ ಒಬ್ಬರಿಗೆ 12 ಚದರ ಮೀಟರ್ ಎಂದು ನಿಗದಿ ಮಾಡಿತ್ತಾದರೂ, ಪಟ್ಟಿಗೆ ಸೇರುವ ಅರ್ಹತೆ ಅದಕ್ಕಿಂತ ಎಷ್ಟೋ ಕಡಿಮೆ ಜಾಗದಲ್ಲಿ ಬದುಕುವವರಿಗೆ ಮಾತ್ರ ಇತ್ತು, ಈ ಮಿತಿಯೂ ಊರಿನಿಂದ ಊರಿಗೆ ಬದಲಾಗುತ್ತಿತ್ತು. ಅರ್ಜಿ ಬಂದ ಮೇಲೆ ಅರ್ಜಿದಾರರ ಈಗಿನ ವಾಸಸ್ಥಿತಿಯನ್ನು ಪರಿಶೀಲಿಸಿ, ಎಷ್ಟು ಜನ ನೋಂದಾಯಿತರಾಗಿದ್ದಾರೆ, ಕೋಣೆ ಎಷ್ಟು ಅಗಲವಿದೆ ಎಂದು ದಾಖಲಿಸಿ, ಸ್ಥಳೀಯ ಸೋವಿಯತ್ತಿನ, ಎಂದರೆ ಊರಿನ ಆಡಳಿತ ಮಂಡಳಿಯ, ಕಾರ್ಯಕಾರಿ ಸಮಿತಿ ಹೆಸರನ್ನು ಪಟ್ಟಿಗೆ ಸೇರಿಸುತ್ತಿತ್ತು. ವರ್ಷಗಳು ಕಳೆದು ಸರದಿ ಬಂದಾಗ ಕೈಗೆ ಸಿಗುತ್ತಿದ್ದುದು 'ಓರ್ದೆರ್' ಎಂಬ ಕಾಗದ, ಎಂದರೆ ಇಂಥ ಮನೆಯನ್ನು ಪ್ರವೇಶಿಸಲು ಕೊಟ್ಟ ಲಿಖಿತ ಅನುಮತಿ. ಯುದ್ಧದಲ್ಲಿ ಅಂಗವಿಕಲರಾದವರಿಗೆ, ಬಹುಮಕ್ಕಳ ಕುಟುಂಬಗಳಿಗೆ, ಕೆಲವು ಕಾಯಿಲೆಗಳುಳ್ಳವರಿಗೆ ಆದ್ಯತೆಯಿತ್ತು. ವಿಜ್ಞಾನಿಗಳಿಗೂ ಮಾನ್ಯ ಲೇಖಕ ಕಲಾವಿದರಿಗೂ ಕೆಲಸಕ್ಕೆಂದು ಹೆಚ್ಚುವರಿ ಜಾಗದ ಹಕ್ಕಿತ್ತು. ನಗರ ಸೋವಿಯತ್ತುಗಳ ಪಟ್ಟಿಗೆ ಸಮಾನಾಂತರವಾಗಿ ಕಾರ್ಖಾನೆ ಮತ್ತು ಸಚಿವಾಲಯಗಳು ತಾವು ಕಟ್ಟಿದ ಮನೆಗಳಿಗೆ ತಮ್ಮದೇ ಪಟ್ಟಿಗಳನ್ನು ಇಟ್ಟಿದ್ದವು, ಮತ್ತು ಸರ್ಕಾರಿ ವಸತಿಯ ದೊಡ್ಡ ಪಾಲು ಇವುಗಳ ಕೈಯಲ್ಲೇ ಇತ್ತು. ಬಲಿಷ್ಠ ಸಚಿವಾಲಯದ ಕಾರ್ಖಾನೆಯಲ್ಲಿ ದುಡಿಯುವವನ ಸರದಿ ಬೇಗ ಬರುತ್ತಿದ್ದರೆ, ಶಾಲೆಯ ಉಪಾಧ್ಯಾಯಿನಿ ಅಥವಾ ಆಸ್ಪತ್ರೆಯ ದಾದಿ ನಗರದ ಪಟ್ಟಿಯಲ್ಲೇ ಕಾಯಬೇಕಾಗುತ್ತಿತ್ತು. ತಮ್ಮ ಹಣ ಹಾಕಬಲ್ಲವರಿಗೆ 1962ರಿಂದ ಸಹಕಾರಿ ವಸತಿಯೆಂಬ ಮತ್ತೊಂದು ದಾರಿ ತೆರೆಯಿತು, ಅದರಲ್ಲಿಯೂ ಸರದಿ ತಪ್ಪಿರಲಿಲ್ಲ.

ಹಂಚಿಕೆಯ ಈ ಏರುಪೇರನ್ನು ಅತ್ಯಂತ ದಿಟ್ಟವಾಗಿ ತೋರಿಸಿದವರು, ಇದೇ ಬಗೆಯ ವ್ಯವಸ್ಥೆಯಿದ್ದ ಹಂಗೆರಿಯ ಸಮಾಜಶಾಸ್ತ್ರಜ್ಞರಾದ ಇವಾನ್ ಸೆಲೆನ್ಯಿ ಮತ್ತು ಜಾರ್ಜ್ ಕೊನ್ರಾದ್. 1960ರ ದಶಕದ ಕೊನೆಯಲ್ಲಿ ಪೇಚ್ ಮತ್ತು ಸೆಗೆದ್ ನಗರಗಳಲ್ಲಿ ಅವರು ನಡೆಸಿದ ಸಮೀಕ್ಷೆಯಲ್ಲಿ, ಸರ್ಕಾರವೇ ಕಟ್ಟಿ ಬಹುತೇಕ ಉಚಿತವಾಗಿ ಕೊಟ್ಟ ಒಳ್ಳೆಯ ಮನೆಗಳು ಹೆಚ್ಚಾಗಿ ವಿದ್ಯಾವಂತ ಅಧಿಕಾರಿವರ್ಗಕ್ಕೆ ಸೇರಿದವೆಂದೂ, ಕಾರ್ಮಿಕರು ಬಹುಮಟ್ಟಿಗೆ ಸ್ವಂತ ಉಳಿತಾಯದಿಂದ ಮನೆ ಕಟ್ಟಿಕೊಳ್ಳಬೇಕಾಯಿತೆಂದೂ ಕಂಡುಬಂತು. ಕಾರ್ಮಿಕರ ಹೆಸರಿನಲ್ಲಿ ನಡೆಯುವ ರಾಜ್ಯದಲ್ಲಿ ಹೊರಬಂದ ಈ ಸತ್ಯಕ್ಕೆ ಯಾವ ಸಮರ್ಥನೆಯೂ ಸಾಲದು.

ಬಾಡಿಗೆಯ ವಿಷಯದಲ್ಲಿ ಮಾತ್ರ ವ್ಯವಸ್ಥೆ ತನ್ನ ಮಾತಿಗೆ ಬಹುಮಟ್ಟಿಗೆ ನಿಂತಿತು. ಚದರ ಮೀಟರಿಗೆ ಸುಮಾರು 13 ಕೊಪೆಕ್ ಎಂದು 1928ರಲ್ಲಿ ನಿಗದಿಯಾದ ಮೂಲ ದರ ಸೋವಿಯತ್ ಒಕ್ಕೂಟದ ಕೊನೆಯವರೆಗೂ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳುವ ಭಯ ಸಾಮಾನ್ಯ ಕುಟುಂಬಕ್ಕೆ ಇರಲಿಲ್ಲ. 1961ರ ಪಕ್ಷದ ಕಾರ್ಯಕ್ರಮವು 1980ರ ಹೊತ್ತಿಗೆ ನವದಂಪತಿಗಳೂ ಸೇರಿದಂತೆ ಪ್ರತಿ ಕುಟುಂಬಕ್ಕೂ ಪ್ರತ್ಯೇಕ ಮನೆ, ಅದೂ ಕ್ರಮೇಣ ಬಾಡಿಗೆಯೇ ಇಲ್ಲದೆ, ಎಂದು ಘೋಷಿಸಿತು. 1977ರ ಸಂವಿಧಾನದ 44ನೇ ವಿಧಿ ವಸತಿಯನ್ನು ನಾಗರಿಕರ ಹಕ್ಕೆಂದು ಬರೆಯಿತು. ಹಣ ಅಳತೆಗೋಲಾಗದ ಕಡೆ ಬೇರೆ ಸರಕುಗಳು ಆ ಜಾಗಕ್ಕೆ ಬಂದವು. ಬಾಡಿಗೆದಾರರು ಕಾನೂನುಬದ್ಧವಾಗಿ ಮನೆಯನ್ನು ಮನೆಯೊಂದಿಗೆ ಬದಲಾಯಿಸಿಕೊಳ್ಳಬಹುದಾಗಿದ್ದುದರಿಂದ, ಎರಡು ಕೋಣೆ ಕೊಟ್ಟು ಒಂದು ಸ್ವತಂತ್ರ ಮನೆ, ವಿಚ್ಛೇದನದ ನಂತರ ಒಂದು ಮನೆ ಕೊಟ್ಟು ಎರಡು ಬಿಡಿ ಕೋಣೆ ಎಂಬಂಥ ಜಾಹೀರಾತುಗಳಿಗೆಂದೇ ಮಾಸ್ಕೋದಲ್ಲಿ ಪ್ರತ್ಯೇಕ ಪತ್ರಿಕೆಯೊಂದು ಹೊರಡುತ್ತಿತ್ತು, ಮೂರು ನಾಲ್ಕು ಕುಟುಂಬಗಳ ಸರಪಳಿ ವಿನಿಮಯಗಳೂ ನಡೆಯುತ್ತಿದ್ದವು. ಪ್ರೊಪಿಸ್ಕಾಕ್ಕಾಗಿ ಕಾಗದದ ಮೇಲಿನ ಮದುವೆಗಳೂ ಆದವು. ಯೂರಿ ತ್ರಿಫೊನೊವ್‌ನ 'ವಿನಿಮಯ' ಎಂಬ 1969ರ ಕಿರುಕಾದಂಬರಿಯಲ್ಲಿ, ಅತ್ತೆಯೊಡನೆ ಎಂದೂ ಹೊಂದಿಕೊಳ್ಳದ ಸೊಸೆಯೊಬ್ಬಳು ಆಕೆಗೆ ಕ್ಯಾನ್ಸರ್ ಎಂದು ತಿಳಿದೊಡನೆ ಎರಡೂ ಕಡೆಯ ಕೋಣೆಗಳನ್ನು ಸೇರಿಸಿ ಒಟ್ಟಿಗೆ ಇರುವ ಮನೆಯೊಂದನ್ನು ಪಡೆಯಲು ಗಂಡನನ್ನು ಒತ್ತಾಯಿಸುತ್ತಾಳೆ. ಮುದುಕಿ ಒಬ್ಬಳೇ ನೋಂದಾಯಿತಳಾಗಿ ಸತ್ತರೆ ಅವಳ ಕೋಣೆ ರಾಜ್ಯಕ್ಕೆ ಹಿಂದಿರುಗುತ್ತದೆ. ಆ ಸೊಸೆ ಕ್ರೂರಿಯೆಂದು ಓದುಗರು ಹೇಳಬಹುದು, ಆದರೆ ಅವಳ ಲೆಕ್ಕ ಆ ಕಾಲದ ಪ್ರತಿ ಮನೆಯೂ ಬಲ್ಲ ಲೆಕ್ಕವಾಗಿತ್ತು.

2000ದ ಹೊತ್ತಿಗೆ ಪ್ರತಿ ಕುಟುಂಬಕ್ಕೂ ಮನೆ ಎಂದು 1986ರಲ್ಲಿ ಮಿಖಾಯಿಲ್ ಗೊರ್ಬಚೊವ್ ಮತ್ತೊಮ್ಮೆ ಮಾತು ಕೊಟ್ಟನು, ಆ ಗಡುವಿಗೆ ಮೊದಲೇ ಸೋವಿಯತ್ ಒಕ್ಕೂಟ ಮುಗಿಯಿತು. 1991ರ ಜುಲೈ 4ರ ರಷ್ಯನ್ ಕಾನೂನು, ಯಾರು ಯಾವ ಮನೆಯಲ್ಲಿದ್ದರೋ ಅದನ್ನು ಅವರ ಸ್ವಂತ ಆಸ್ತಿಯಾಗಿ ಬರೆಸಿಕೊಳ್ಳಲು ಅವಕಾಶ ಕೊಟ್ಟಿತು. ಹೀಗೆ ಸರದಿ, ಹುದ್ದೆ, ಅದೃಷ್ಟಗಳು ಹಂಚಿದ್ದ ಜಾಗವೆಲ್ಲ ಹಾಗೆಯೇ ಒಡೆತನವಾಗಿ ಗಟ್ಟಿಗೊಂಡಿತು: ಮಾಸ್ಕೋದ ನಡುವಿನ ವಿಶಾಲ ಮನೆಯವನಿಗೆ ದೊಡ್ಡ ಸಂಪತ್ತು, ದೂರದ ಕಾರ್ಖಾನೆ ಪಟ್ಟಣದವನಿಗೆ ಕೊಳ್ಳುವವರೇ ಇಲ್ಲದ ಮನೆ, ಪಟ್ಟಿಯಲ್ಲಿ ಕಾಯುತ್ತಿದ್ದವನಿಗೆ ಬರೆಸಿಕೊಳ್ಳಲು ಏನೂ ಇಲ್ಲ. 2005ರ ಮಾರ್ಚ್ 1ರಿಂದ ಜಾರಿಗೆ ಬಂದ ರಷ್ಯದ ಹೊಸ ವಸತಿ ಸಂಹಿತೆ ಆ ದಿನಾಂಕಕ್ಕೆ ಮೊದಲು ಪಟ್ಟಿ ಸೇರಿದವರ ಸ್ಥಾನವನ್ನು ಉಳಿಸಿಕೊಟ್ಟಿರುವುದರಿಂದ, ಸೋವಿಯತ್ ಕಾಲದಲ್ಲಿ ಅರ್ಜಿ ಹಾಕಿದ ಕುಟುಂಬಗಳು ಆ ಬಳಿಕವೂ ತಮ್ಮ ಸರದಿಗೆ ಕಾದವು.